ಮುಳ್ಳಿಲಿಯ ಹಲ್ಲೂ ನನ್ನ ಅವಸರವೂ

ಸುಮ್ಮನೆ ಕೂರಲಾರದವಳಿಗೆ ಕೂತೇ ಮಾಡಬೇಕಾದ ಕೆಲಸ ಸಿಕ್ಕರೆ ಏನೇನು ಆಗಬಹುದೋ ಅದೆಲ್ಲ ನನಗೆ ಆಗಿದೆ. ಈಗಲೂ ವಾರಕ್ಕೊಂದಾದರೂ ಆಗುತ್ತಲೇ ಇರುತ್ತದೆ. ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ನೀವು ನಂಬುವುದಿಲ್ಲ. ಸಾವಿರಾರು ವರ್ಷಗಳ ಹಿಂದೆ ಸತ್ತ ಇಲಿಗಳ ಹಲ್ಲುಗಳನ್ನು ಮಣ್ಣಿನಿಂದ ಹೆಕ್ಕಿ ತೆಗೆದು, ಇದು ಯಾವ ಇಲಿಯದು ಎಂದು ವಿಂಗಡಿಸುವುದು ನನ್ನ ಕೆಲಸ.

ನಮ್ಮ ವಯನಾಡಿನ ಕಾಡಿನಲ್ಲಿ ಮುಳ್ಳಿಲಿ ಎಂಬ ಪ್ರಾಣಿ ಇದೆ. ಬೆನ್ನ ಮೇಲೆ ಮುಳ್ಳಿನಂಥ ಕೂದಲು, ಬಾಲದ ತುದಿಗೆ ಒಂದು ಕುಚ್ಚು. ವಾಸ ಮರದ ಪೊಟರೆಯಲ್ಲಿ, ಕಣ್ಣು ಮಾತ್ರ ನಮ್ಮ ಕರಿಮೆಣಸಿನ ಬಳ್ಳಿಯ ಮೇಲೆ. ಪುಸ್ತಕದಲ್ಲಿ ಇದನ್ನು ಡಾರ್ಮೌಸ್ ಎಂದು ಬರೆದಿರುತ್ತಾರೆ. ಯುರೋಪಿನ ನಿದ್ದೆಬುರುಕ ಡಾರ್ಮೌಸಿಗೂ ಇದಕ್ಕೂ ನಿಜವಾದ ನಂಟುಂಟೋ, ಬರೀ ಮುಖದ ಹೋಲಿಕೆಯೋ ಎಂಬ ಜಗಳ ವಿದ್ವಾಂಸರಲ್ಲಿ ಬಹಳ ಕಾಲ ನಡೆದಿದೆ. ಅದು ಅವರ ತಲೆನೋವು.

ನಮ್ಮ ಲ್ಯಾಬಿನ ಮೇಡಂ ತೃಶ್ಶೂರಿನವರು. ಹಿಂದೊಂದು ಕಾಲದಲ್ಲಿ ಇಲ್ಲಿ ಇನ್ನೊಂದು ಜಾತಿಯ ಮುಳ್ಳಿಲಿ ಇತ್ತು, ಈಗಿನದಕ್ಕಿಂತ ದೊಡ್ಡದು, ಅದು ಅಳಿದುಹೋಯಿತು ಎಂಬುದು ಅವರ ನಂಬಿಕೆ. ಅದನ್ನು ತೋರಿಸಿಕೊಡಲು ಹಲ್ಲೊಂದೇ ದಾರಿ. ನಮ್ಮ ಹುಳಿ ಮಣ್ಣು ಮೂಳೆಯನ್ನು ತಿಂದು ಮುಗಿಸುತ್ತದೆ. ಮಳೆ ಬೀಳದ ಕಲ್ಲಾಸರೆಯ, ಅಂದರೆ ಮುಂಚಾಚಿದ ಬಂಡೆಯ, ಅಡಿಯ ಒಣ ಮಣ್ಣಿನಲ್ಲಿ ಹಲ್ಲು ಮಾತ್ರ ಅಪ್ಪಿತಪ್ಪಿ ಉಳಿಯುತ್ತದೆ. ಮೇಡಂ ಕೈಯಲ್ಲಿದ್ದದ್ದು ಮೂರು ವರ್ಷದ ಯೋಜನೆ. ಅಷ್ಟರೊಳಗೆ ಮೇಲ್ದವಡೆಯ ಒಂದೇ ಒಂದು ಹಲ್ಲಾದರೂ ಸಿಗಬೇಕು. ಸಿಗದಿದ್ದರೆ ಲ್ಯಾಬಿಗೆ ಬೀಗ, ಮೇಡಂ ವಾಪಸ್ ತೃಶ್ಶೂರಿಗೆ, ನಾನು ವಾಪಸ್ ಮುಳ್ಳನ್‌ಕೊಲ್ಲಿಯ ಮೆಣಸಿನ ಬಳ್ಳಿಯ ಬುಡಕ್ಕೆ.

ನಮ್ಮ ಮನೆಯಲ್ಲಿ ಆಡುವುದು ಕನ್ನಡ, ಲ್ಯಾಬಿನಲ್ಲಿ ಮಲಯಾಳಂ. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಹೇಳುತ್ತೇನೆ. ಅಕ್ಕನಿಗೆ ಚೇಚಿ, ಮಗಳಿಗೆ ಮೋಳೆ, ಮತ್ತೆ ಎನ್ನಲು ಪಿನ್ನೆ ಎಂಬಂಥ ಒಂದೆರಡು ಮಾತ್ರ ಹಾಗೇ ನುಸುಳುತ್ತವೆ.

೧. ಕಣ್ಣು ಮತ್ತು ಕಾಲು

ಲ್ಯಾಬ್ ಎಂದರೆ ಬಿಳಿ ಗೋಡೆ, ಗಾಜಿನ ಬಾಗಿಲು ಎಂದೆಲ್ಲ ಅಂದುಕೊಳ್ಳಬೇಡಿ. ಪಯ್ಯಂಪಳ್ಳಿಯ ಹತ್ತಿರ ಒಂದು ಹಳೆಯ ಕಾಫಿ ಗೋದಾಮು, ಅದರ ಮಹಡಿ. ಮೆಟ್ಟಿಲು ಹತ್ತುವಾಗಲೇ ಕಾಫಿ ಹೊಟ್ಟಿನ ವಾಸನೆ ಬರುತ್ತದೆ. ಒಳಗೆ ಎರಡು ಮೇಜು, ಎರಡು ಸೂಕ್ಷ್ಮದರ್ಶಕ, ಒಂದು ಕಬ್ಬಿಣದ ಬೀರು.

ಸಂದರ್ಶನದ ದಿನ ಮೇಡಂ ನನ್ನ ಸರ್ಟಿಫಿಕೇಟನ್ನು ತೆರೆದೂ ನೋಡಲಿಲ್ಲ. ಒಂದು ತಟ್ಟೆ ತುಂಬ ರಾಗಿ ಸುರಿದು ಮುಂದಿಟ್ಟರು. "ಇದರಲ್ಲಿ ಮೂರು ಇಲಿ ಹಲ್ಲು ಬೆರೆಸಿದ್ದೇನೆ, ಹುಡುಕಿ" ಎಂದರು. ಇಲಿ ಹಲ್ಲು ರಾಗಿಕಾಳಿನಷ್ಟೇ ಇರುತ್ತದೆ. ನಾನು ಮದುವೆಯಾದಾಗಿನಿಂದ ಕಾಫಿ ಬೀಜದಲ್ಲಿ ಕಪ್ಪು ಬೀಜ ಹೆಕ್ಕಿದವಳು. ಎಷ್ಟು ಹೊತ್ತು ಬೇಕು? ಐದು ನಿಮಿಷದಲ್ಲಿ ಮೂರನ್ನೂ ತೆಗೆದು ಅವರ ಅಂಗೈ ಮೇಲಿಟ್ಟೆ.

ಮೇಡಂ ಮುಖ ಅರಳಿತು. ಅಷ್ಟರಲ್ಲಿ ತಟ್ಟೆ ತಾನಾಗಿಯೇ ಮೇಜಿನ ಅಂಚಿಗೆ ನಡೆದುಹೋಗಿ, ದಡಾರನೆ ಬಿದ್ದು, ರಾಗಿಯೆಲ್ಲ ಹಲಗೆಯ ಸಂದುಗಳಿಂದ ಕೆಳಗಿನ ಗೋದಾಮಿಗೆ ಸುರಿಯಿತು. ಭೂಕಂಪ ಏನೂ ಆಗಿರಲಿಲ್ಲ. ಕೂತರೆ ನನ್ನ ಮಂಡಿ ಅಲ್ಲಾಡುತ್ತದೆ, ಮಂಡಿ ಅಲ್ಲಾಡಿದರೆ ಮೇಜು ಅಲ್ಲಾಡುತ್ತದೆ. ಚಿಕ್ಕಂದಿನಿಂದ ಹೀಗೇ.

ಮೇಡಂ ಮೇಜಿನ ಕೆಳಗೆ ಬಗ್ಗಿ ನನ್ನ ಕಾಲನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ಕೂತು, "ಕಣ್ಣು ಪಾಸು, ಕಾಲು ಫೇಲು. ನಾನು ಕಣ್ಣನ್ನು ಮಾತ್ರ ಕೆಲಸಕ್ಕೆ ತಗೊಳ್ತೀನಿ. ಕಾಲನ್ನು ನಾಳೆಯಿಂದ ಮನೆಯಲ್ಲಿಟ್ಟು ಬನ್ನಿ" ಎಂದರು.

೨. ಇತರೆ

ನಾವು ಅಗೆಯುತ್ತಿದ್ದ ಕಲ್ಲಾಸರೆ ಇದ್ದದ್ದು ಮುತ್ತಂಗದ ಕಾಡಿನ ಆಚೆ ಬದಿಯಲ್ಲಿ. ಅರಣ್ಯ ಇಲಾಖೆಯ ಅನುಮತಿ ಪತ್ರ ಇಟ್ಟುಕೊಂಡು, ಅಲ್ಲಿಂದ ಮಣ್ಣನ್ನು ಚೀಲದಲ್ಲಿ ತುಂಬಿ, ಜೀಪಿನಲ್ಲಿ ತರುತ್ತಿದ್ದೆವು. ದಾರಿಯಲ್ಲಿ ಚೆಕ್‌ಪೋಸ್ಟ್. ಮೊದಲ ಸಲ ಮೇಡಂ ಇರಲಿಲ್ಲ, ನಾನೂ ಡ್ರೈವರೂ ಮಾತ್ರ.

ಕಾವಲುಗಾರ ಚೀಲ ಮುಟ್ಟಿ ನೋಡಿ, "ಏನು ಚೇಚೀ ಇದು?" ಎಂದ.

"ಮಣ್ಣು."

"ಮಣ್ಣೇ? ಯಾಕೆ, ನಿಮ್ಮೂರಲ್ಲಿ ಮಣ್ಣಿಲ್ಲವಾ?"

"ಇದೆ. ಇದರಲ್ಲಿ ಇಲಿ ಹಲ್ಲಿದೆಯಾ ಅಂತ ನೋಡಬೇಕು."

ಅವನು ನನ್ನ ಮುಖವನ್ನೊಮ್ಮೆ, ಡ್ರೈವರನ ಮುಖವನ್ನೊಮ್ಮೆ ನೋಡಿದ. ಡ್ರೈವರ್ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕನ್ನಡಿ ಒರೆಸತೊಡಗಿದ. ನಾನು ಪತ್ರ ತೋರಿಸಿದೆ. ಕಾವಲುಗಾರ ಅದನ್ನು ಎರಡು ಸಲ ಓದಿದ, ಸೀಲನ್ನು ಬೆಳಕಿಗೆ ಹಿಡಿದ, ತಪ್ಪೇನೂ ಸಿಗಲಿಲ್ಲ. ಅವನ ಕಷ್ಟ ಬೇರೆಯೇ ಇತ್ತು. ರಿಜಿಸ್ಟರಿನಲ್ಲಿ ಮರ, ಮರಳು, ಕಲ್ಲು, ದನ, ತರಕಾರಿ ಎಂದೆಲ್ಲ ಕಾಲಂಗಳಿದ್ದವು, ಹಲ್ಲಿಗೆ ಕಾಲಂ ಇರಲಿಲ್ಲ. ನನಗೋ ಮಧ್ಯಾಹ್ನದೊಳಗೆ ಲ್ಯಾಬು ಮುಟ್ಟುವ ಆತುರ. "ಏನಾದರೊಂದು ಬರೆದುಕೊಳ್ಳಿ, ಮಾರಾಯರೇ" ಎಂದು ಗೋಗರೆದೆ. ಅವನು ಪೆನ್ನು ಕಚ್ಚಿಕೊಂಡು ಯೋಚಿಸಿ, ಕೊನೆಗೆ 'ಇತರೆ' ಎಂಬ ಕಾಲಮಿನಲ್ಲಿ ಬರೆದ: 'ಮಣ್ಣು, ನಾಲ್ಕು ಚೀಲ. ಹಲ್ಲು ಇದ್ದರೂ ಇರಬಹುದು.'

ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ತಿಂಗಳು ಹೋದಾಗ ಅದೇ ಮನುಷ್ಯ ಜೀಪು ಕಂಡವನೇ ರಿಜಿಸ್ಟರನ್ನು ಹಿಂದಕ್ಕೆ ತಿರುಗಿಸಿ, ಬೆರಳಿಟ್ಟು ತೋರಿಸಿ, "ಚೇಚೀ, ಮೊದಲು ಇದನ್ನು ಹೇಳಿ. ಹಲ್ಲು ಇತ್ತಾ, ಇರಲಿಲ್ಲವಾ? ಒಂದು ತಿಂಗಳಿಂದ ಈ ಎಂಟ್ರಿ ಹಾಗೇ ನಿಂತಿದೆ" ಎಂದ.

೩. ಹಂಚಿನ ಮೇಲಿನ ಹಲ್ಲುಗಳು

ನಮ್ಮ ಕಡೆ ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿಯ ಉಂಡೆಯೊಳಗಿಟ್ಟು ಹಂಚಿನ ಮೇಲಕ್ಕೆ ಎಸೆಯುವುದು ವಾಡಿಕೆ. ಹಾಗೆ ಮಾಡಿದರೆ ಹೊಸ ಹಲ್ಲು ಚೆನ್ನಾಗಿ ಬರುತ್ತದಂತೆ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಹಂಚು ತೆಗೆಸಿ ಶೀಟು ಹಾಕಿಸಿದೆವು. ಹಂಚಿನ ಸಂದುಗಳಲ್ಲಿ ಗೇಣುದ್ದ ಮಣ್ಣು ಸೇರಿತ್ತು. ಎಲ್ಲರೂ ಅದನ್ನು ತಿಪ್ಪೆಗೆ ಹಾಕಲು ಹೊರಟರು. ನಾನು ಸುಮ್ಮನಿರಲಿಲ್ಲ. ಭಾನುವಾರ ಬೇರೆ, ಕೈ ಕಡಿಯುತ್ತಿತ್ತು. ನೆನೆಸಿದೆ, ಜರಡಿ ಹಿಡಿದೆ, ತೊಳೆದೆ, ಒಣಗಿಸಿದೆ. ಹನ್ನೊಂದು ಹಲ್ಲು ಸಿಕ್ಕವು.

ಅತ್ತೆಗೆ ಆದ ಸಂತೋಷ ಹೇಳತೀರದು. ಮೂರು ವರ್ಷದಿಂದ "ಓದಿದ ಸೊಸೆ ಇಲಿ ಬಾಯಿ ನೋಡಕ್ಕೆ ಓಯ್ತಳೆ" ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದವರು, ಅವತ್ತು ಮೊದಲ ಸಲ ನನ್ನ ಕೆಲಸಕ್ಕೆ ಬೆಲೆ ಕೊಟ್ಟರು. ಹಲ್ಲುಗಳನ್ನು ಸೆರಗಿನ ಮೇಲೆ ಹರಡಿಕೊಂಡು ಕೂತರು.

"ಮೋಳೇ, ಇದ್ರಲ್ಲಿ ನಿನ್ ಗಂಡುಂದು ಯಾವ್ದು, ಚಿಕ್ಕೋನ್ದು ಯಾವ್ದು, ಒಸಿ ನೋಡಿ ಯೋಳವ್ವ" ಎಂದರು. ಚಿಕ್ಕೋನು ಎಂದರೆ ನನ್ನ ಮೈದುನ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವವನು.

"ಅದೆಲ್ಲ ಹೇಳಕ್ಕಾಗಲ್ಲ ಅತ್ತೆ. ನಾನು ಜಾತಿ ಹೇಳಬಲ್ಲೆ, ಮನುಷ್ಯರು ಯಾರು ಅಂತ ಹೇಳಲಾರೆ."

"ಸಾವ್ರಾರು ವರ್ಸದ ಇಲಿದು ಯೋಳ್ತೀಯ, ಮನೇಲಿ ಉಣ್ಣೋ ಗಂಡುಂದು ಗೊತ್ತಾಗಕಿಲ್ವ? ಪಿನ್ನೆ ಎಂತ ಓದು ಅದು?"

ಬಿಡುವವರಲ್ಲ. ಭೂತಗನ್ನಡಿ ತಂದು ಒಂದೊಂದಾಗಿ ನೋಡಿದೆ. ಹತ್ತು ಮಕ್ಕಳವು. ಹನ್ನೊಂದನೆಯದನ್ನು ಎರಡೆರಡು ಸಲ ತಿರುಗಿಸಿ ನೋಡಿ, "ಅತ್ತೆ, ಇದು ಮಗುವಿನದಲ್ಲ, ಆಡಿನ ಮರಿಯದು" ಎಂದೆ. ಕಾಗೆ ಎಲ್ಲಿಂದಲೋ ತಂದು ಹಾಕಿರಬೇಕು.

ಅತ್ತೆ ಅದನ್ನು ಕೈಗೆ ತೆಗೆದುಕೊಂಡು, ಕಣ್ಣಿಗೊತ್ತಿ, ಬೇರೆಯಾಗಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಅಂಗಾರೆ ಇದು ಚಿಕ್ಕೋನ್ದೇಯ."

೪. ಎರಡು ಹಲ್ಲಿನ ಅಜ್ಜ

ಕಲ್ಲಾಸರೆಗೆ ನಮ್ಮನ್ನು ಕರೆದೊಯ್ಯುತ್ತಿದ್ದದ್ದು ಮುತ್ತಂಗದ ಕಾಡಿನೊಳಗಿನ ಹಾಡಿಯ ಒಬ್ಬ ಅಜ್ಜ. ಜೇನು ತೆಗೆದು ತೆಗೆದು ಮರವೆಲ್ಲ ಅವರಿಗೆ ನೆಂಟರು. ಯಾವ ಪೊಟರೆಯಲ್ಲಿ ಯಾರಿದ್ದಾರೆ ಎಂದು ಕೆಳಗಿನಿಂದಲೇ ಹೇಳುತ್ತಿದ್ದರು. ಮಾತು ಕಡಿಮೆ. ಮೇಡಂ ಅವರನ್ನು ಗುರುಗಳಂತೆ ಕಾಣುತ್ತಿದ್ದರು, ಅದರಲ್ಲಿ ಸುಳ್ಳಿಲ್ಲ.

ಎರಡನೆಯ ವರ್ಷ ಮೇಡಂ ಒಬ್ಬ ಚಿತ್ರಗಾರರಿಂದ ಆ ಅಳಿದುಹೋದ ದೊಡ್ಡ ಮುಳ್ಳಿಲಿಯ ಚಿತ್ರ ಬರೆಸಿದರು. ಒಂದು ಮುರಿದ ಕೆಳದವಡೆಯ ಹಲ್ಲು ಅಷ್ಟರಲ್ಲಿ ಸಿಕ್ಕಿತ್ತು. ಅದರಿಂದ ಏನೂ ತೀರ್ಮಾನವಾಗುವಂತಿರಲಿಲ್ಲ, ಚಿತ್ರಕ್ಕೆ ಸಾಕಾಯಿತು. ಬಣ್ಣದ ಚಿತ್ರ. ಕೊಂಬೆಯ ಮೇಲೆ ಕೂತಿದೆ, ಬಾಲ ನೆಟ್ಟಗೆ ಮೇಲಕ್ಕೆ, ಕುಚ್ಚು ಕೆಂಪಗೆ. ಅಜ್ಜನಿಗೆ ಎಲ್ಲಾದರೂ ಕಂಡ ನೆನಪಿದೆಯೋ, ಅವರ ಹಿರಿಯರಾದರೂ ಹೇಳಿದ್ದರೋ ಎಂದು ಕೇಳಲು ಮೇಡಂಗೆ ಆಸೆ. ಒಳಗೊಳಗೇ ಹೆದರಿಕೆಯೂ ಇತ್ತು. ಅಜ್ಜ "ಮೊನ್ನೆ ಕಂಡೆ" ಎಂದುಬಿಟ್ಟರೆ ಅದು ಅಳಿದುಹೋದದ್ದು ಎಂದು ಬರೆಯುವುದು ಹೇಗೆ?

ಅಜ್ಜ ಚಿತ್ರವನ್ನು ದೂರ ಹಿಡಿದರು, ಹತ್ತಿರ ಹಿಡಿದರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಇದ್ನ ನಾ ಕಂಡಿಲ್ಲ" ಎಂದರು. ಮೇಡಂ ಉಸಿರು ಬಿಟ್ಟರು. "ಬಾಲ ಇಂಗೆ ಎತ್ಕಂಡು ಈ ಕೊಂಬೇಲಿ ಕುಂತ್ರೆ ಬಿದ್ದೋಯ್ತದೆ. ಬಾಲ ಇಂಗಿತ್ತು ಅಂತ ನಿಮ್ಗೆ ಯಾರು ಯೋಳಿದ್ದು?"

"ಯಾರೂ ಹೇಳಿಲ್ಲ ಅಜ್ಜ, ಒಂದು ಹಲ್ಲು ಸಿಕ್ಕಿದೆ" ಎಂದೆ ನಾನು.

"ಅಲ್ಲು ನೋಡಿ ಬಾಲ ಬರೆದ್ರಾ?"

"ಹೂಂ."

ಅಜ್ಜ ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಕಲ್ಲಿನ ಮೇಲೆ ಕೂತು, ಕಣ್ಣು ಒರೆಸಿಕೊಂಡು, ಮೇಡಂ ಕಡೆ ತಿರುಗಿ ಬಾಯಿ ಅಗಲವಾಗಿ ತೆರೆದು ತೋರಿಸಿದರು.

"ನನ್ ಬಾಯಲ್ಲಿ ಎರಡು ಉಳಿದವೆ. ಇದ್ನ ನೋಡಿ, ಹದಿನೆಂಟ್ನೇ ವರ್ಸದಲ್ಲಿ ನನ್ ತಲೆಕೂದ್ಲು ಎಂಗಿತ್ತು ಯೋಳಿ."

೫. ಬಿದ್ದದ್ದು ನಿಜ

ಹಳೆಯ ಹಲ್ಲನ್ನು ಗುರುತಿಸಬೇಕಾದರೆ ಪಕ್ಕದಲ್ಲಿಟ್ಟು ಹೋಲಿಸಲು ಈಗಿನ ಮುಳ್ಳಿಲಿಯ ಹಲ್ಲು ಬೇಕು. ಜೀವಂತ ಹಿಡಿಯುವಂತಿಲ್ಲ. ತಾನಾಗಿ ಸತ್ತು ಬಿದ್ದದ್ದು ಸಿಕ್ಕರೆ ಇಟ್ಟುಕೊಳ್ಳಲು ಮೇಡಂ ಹತ್ತಿರ ಪತ್ರವಿತ್ತು. ಮುಳ್ಳಿಲಿಗೆ ಒಂದು ದುರಭ್ಯಾಸವಿದೆ. ಕಳ್ಳು ಇಳಿಸಲು ಮರಕ್ಕೆ ಕಟ್ಟಿದ ಮಡಕೆಗೆ ಇಳಿದು ಕುಡಿಯುತ್ತದೆ, ಕುಡಿದು ಅಲ್ಲೇ ಬೀಳುತ್ತದೆ. ಹಾಗಾಗಿ ಕಳ್ಳು ಇಳಿಸುವ ಒಬ್ಬರಿಗೆ ಹೇಳಿಟ್ಟಿದ್ದೆವು.

ಒಂದು ಬೆಳಿಗ್ಗೆ ಅವರು ಮಡಕೆ ಹಿಡಿದು ಮಹಡಿ ಹತ್ತಿ ಬಂದರು. ಒಳಗೆ ಒಂದು ಮುಳ್ಳಿಲಿ, ನಾಲ್ಕು ಕಾಲೂ ಮೇಲೆ. ಮೇಡಂ ಕೈಗವಸು ಹಾಕಿಕೊಂಡು ಅದನ್ನು ಎತ್ತಿ ಬಿಳಿ ಕಾಗದದ ಮೇಲೆ ಮಲಗಿಸಿದರು. ಉದ್ದ ಅಳೆದರು, ನಾನು ಬರೆದುಕೊಂಡೆ. ಬಾಲ ಅಳೆದರು, ಬರೆದುಕೊಂಡೆ. ಬಾಯಿ ತೆರೆದು ಹಲ್ಲು ನೋಡಲು ಇಕ್ಕಳ ಹಿಡಿದರು. ಅಷ್ಟರಲ್ಲಿ ಹೆಣ ಆಕಳಿಸಿತು.

ಮುಂದಿನದನ್ನು ಕ್ರಮವಾಗಿ ಹೇಳಲಾರೆ. ಮೇಡಂ ಕುರ್ಚಿಯ ಮೇಲಿದ್ದರು. ನಾನು ಎರಡು ತಿಂಗಳಿಂದ ವಿಂಗಡಿಸಿದ ಹಲ್ಲಿನ ತಟ್ಟೆಗಳ ಮೇಲೆ ಬೋರಲಾಗಿ ಮಲಗಿ ಅವುಗಳನ್ನು ಕಾಪಾಡುತ್ತಿದ್ದೆ. ಮುಳ್ಳಿಲಿ ಅಮಲು ಇಳಿಯದೆ ನನ್ನ ಬೆನ್ನ ಮೇಲಿಂದ ಬೀರುವಿಗೆ, ಬೀರುವಿನಿಂದ ಮೇಡಂ ಸೀರೆಗೆ, ಅಲ್ಲಿಂದ ಕಿಟಕಿಗೆ ಹಾರಿ, ಗೋದಾಮಿನ ಮಾಡು ಹತ್ತಿ ಮರೆಯಾಯಿತು.

ಕಳ್ಳು ಇಳಿಸುವವರು ಖಾಲಿ ಮಡಕೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. "ಸತ್ತಿದೆ ಅಂದಿರಲ್ಲ!" ಎಂದು ಮೇಡಂ ಕುರ್ಚಿಯ ಮೇಲಿನಿಂದಲೇ ಕೂಗಿದರು.

"ಬಿದ್ದಿದೆ ಅಂದೆ ಟೀಚರೇ. ದಿನಾ ಸಾಯಂಕಾಲ ನಮ್ಮ ಭಾವನೂ ಬೀಳ್ತಾನೆ. ಅವನ ಹಲ್ಲು ಕೀಳಕ್ಕೆ ಯಾರೂ ಬರಲ್ಲ."

೬. ನಲವತ್ತೇಳನೆಯ ನಂಬರು

ಮೂರನೆಯ ವರ್ಷ ಮುಗಿಯಲು ಎರಡು ತಿಂಗಳು ಉಳಿದಿತ್ತು. ಮೇಡಂ ಪುಸ್ತಕಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕತೊಡಗಿದ್ದರು.

ಅಂಥ ಒಂದು ಮಧ್ಯಾಹ್ನ ಅದು ಸಿಕ್ಕಿತು. ಮೇಲ್ದವಡೆಯ ಹಲ್ಲು, ಒಡೆದಿಲ್ಲ, ಸವೆದಿಲ್ಲ. ಮುಳ್ಳಿಲಿಯ ಹಲ್ಲಿನ ಮೇಲೆ ಓರೆಯಾಗಿ ಸಾಲು ಸಾಲು ಏಣುಗಳಿರುತ್ತವೆ, ಆಗ ತಾನೆ ಉತ್ತ ಹೊಲದ ಹಾಗೆ. ಇದರಲ್ಲಿ ಈಗಿನದಕ್ಕಿಂತ ಒಂದು ಏಣು ಹೆಚ್ಚಿತ್ತು. ನಾನು ಎದ್ದು ಕೋಣೆಯಲ್ಲಿ ನಾಲ್ಕು ಸುತ್ತು ಹಾಕಿ ಬಂದು ಮತ್ತೆ ನೋಡಿದೆ. ಆಗಲೂ ಹೆಚ್ಚಿತ್ತು. ಕಳೆದುಹೋದದ್ದನ್ನು ನಾನು ಎಷ್ಟೋ ಸಲ ಹುಡುಕಿಕೊಟ್ಟಿದ್ದೇನೆ. ಯಾರೂ ಕಳೆದುಕೊಳ್ಳದೆ ಇದ್ದದ್ದನ್ನು ಹುಡುಕಿದ್ದು ಅದೇ ಮೊದಲು. ಮೇಡಂ ನೋಡಿದರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಪೆಟ್ಟಿಗೆಯಿಂದ ಪುಸ್ತಕಗಳು ಮತ್ತೆ ಬೀರುವಿಗೆ ಬಂದವು. ಹಲ್ಲಿನ ಫೋಟೋ ತೆಗೆದು, ಗಾಜಿನ ಸೀಸೆಯಲ್ಲಿಟ್ಟು, ನಲವತ್ತೇಳು ಎಂದು ನಂಬರು ಬರೆದೆವು.

ಆದರೆ ಹೊಸ ಜಾತಿ ಎಂದು ನಾವು ಹೇಳಿದರೆ ಸಾಲದು. ಉತ್ತರದ ಕಡೆಯ ಒಬ್ಬ ದೊಡ್ಡ ಸಾರ್ ಇದ್ದಾರೆ, ಎಪ್ಪತ್ತು ದಾಟಿದವರು, ಬದುಕೆಲ್ಲ ಇಲಿ ಹಲ್ಲಿಗೇ ಕೊಟ್ಟವರು. ಅವರು ಫೋಟೋ ನಂಬುವವರಲ್ಲ. ಹಲ್ಲನ್ನೇ ಕಣ್ಣಾರೆ ನೋಡಿ ಹೌದೆನ್ನಬೇಕು. ಅವರು ಶುಕ್ರವಾರ ಬರುತ್ತೇನೆಂದರು. ಮೇಡಂ ಮಂಗಳವಾರವೇ ಕೋಯಿಕ್ಕೋಡಿಗೆ ಹೋದರು, ಅಲ್ಲಿ ಏನೋ ಮೀಟಿಂಗ್ ಮುಗಿಸಿಕೊಂಡು ಅವರನ್ನು ಕರೆತರುವುದೆಂದು. ಹೋಗುವಾಗ ಬೀಗದಕೈ ನನ್ನ ಕೈಯಲ್ಲಿಟ್ಟು, "ಅದನ್ನು ಮುಟ್ಟಬೇಡಿ. ನಿಮ್ಮನ್ನು ಬಲ್ಲೆ. ಮುಟ್ಟಬೇಡಿ" ಎಂದು ಎರಡು ಸಲ ಹೇಳಿದರು.

ಮುಟ್ಟದೆ ಇರಬೇಕೆಂದೇ ಇದ್ದೆ. ಮಧ್ಯಾಹ್ನ ಮೂರರವರೆಗೆ ಇದ್ದೆ ಕೂಡ. ಆಮೇಲೆ, ಏಣು ನಿಜವಾಗಿ ಒಂದು ಹೆಚ್ಚೇ ಇದೆಯೋ, ನಾನು ತಪ್ಪು ಎಣಿಸಿದ್ದರೆ ಆ ಮುದುಕರನ್ನು ಅಷ್ಟು ದೂರದಿಂದ ಕರೆಸಿದ ಪಾಪ ಯಾರಿಗೆ ಎಂದು ಶುರುವಾಯಿತು. ಸೀಸೆ ತೆಗೆದೆ. ಈ ಹಲ್ಲುಗಳನ್ನು ನಾವು ಕೂದಲೆಳೆಯಂಥ ಬ್ರಷ್ಷಿನಿಂದ ಎತ್ತುತ್ತೇವೆ. ತುದಿ ಒದ್ದೆಯಿದ್ದರೆ ಹಲ್ಲು ತಾನೇ ಅಂಟಿಕೊಂಡು ಬರುತ್ತದೆ. ಒದ್ದೆ ಮಾಡಲು ಪಕ್ಕದಲ್ಲಿ ನೀರಿನ ಬಟ್ಟಲಿರುತ್ತದೆ. ಆದರೆ ಸೂಜಿಗೆ ಪೋಣಿಸುವಾಗ ದಾರದ ತುದಿಯನ್ನು ತುಟಿಗಿಟ್ಟು ಚೂಪು ಮಾಡುವುದಿಲ್ಲವೇ, ಹಾಗೆ ಬ್ರಷ್ಷನ್ನು ತುಟಿಗಿಡುವುದು ನನಗೆ ರೂಢಿಯಾಗಿತ್ತು. ಏಣು ಎಣಿಸಿದೆ. ಹೆಚ್ಚೇ ಇತ್ತು. ಸಮಾಧಾನದಿಂದ ಹಲ್ಲನ್ನು ಬ್ರಷ್ಷಿನಿಂದ ಎತ್ತಿದೆ, ಸೀಸೆಯ ಮುಚ್ಚಳ ಎಲ್ಲಿಟ್ಟೆ ಎಂದು ಆಚೆ ತಿರುಗಿದೆ, ತಿರುಗುತ್ತಾ ಬ್ರಷ್ಷನ್ನು ತುಟಿಗಿಟ್ಟು ಚೂಪು ಮಾಡಿದೆ.

ನಾಲಿಗೆಯ ಮೇಲೆ ಏನೋ ಮರಳಿನಂತೆ ತಾಗಿತು. ಅದೇನೆಂದು ಹೊಳೆದ ಕೂಡಲೇ ಎದೆ ಧಸಕ್ಕೆಂದಿತು, ಧಸಕ್ಕೆಂದಾಗ ಯಾರಾದರೂ ಮಾಡುವುದನ್ನೇ ನಾನೂ ಮಾಡಿದೆ. ಗುಟುಕ್ಕನೆ ನುಂಗಿದೆ.

ಪ್ರಪಂಚದಲ್ಲಿ ಆ ಜಾತಿಯ ಗಟ್ಟಿ ಗುರುತೆಂದು ಇದ್ದದ್ದು ಅದೊಂದೇ. ಸಾವಿರಾರು ವರ್ಷ ಮಣ್ಣಿನಲ್ಲಿ ಏನೂ ಆಗದೆ ಉಳಿದದ್ದು ನನ್ನ ಕೈಗೆ ಸಿಕ್ಕು ಎರಡು ತಿಂಗಳೂ ಬಾಳಲಿಲ್ಲ. ಬಸ್ಸಿನಲ್ಲಿ ಕೂರಲಾಗದೆ ಮನೆಯವರೆಗೂ ನಿಂತೇ ಬಂದೆ, ಸೀಟು ಖಾಲಿಯಿತ್ತು.

ನಮ್ಮ ಯಜಮಾನರು ಅಂಗಳದಲ್ಲಿ ಮೆಣಸು ಹರವುತ್ತಿದ್ದರು. ಅಳುತ್ತಾ ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿ, "ಅಳದ್ಯಾಕೆ? ಕಾಡಲ್ಲಿ ಬಿದ್ದಿದ್ರೆ ಹುಡುಕೋದು ಕಷ್ಟ. ಈಗ ಎಲ್ಲದೆ ಅಂತ ಗೊತ್ತು, ಯಾವ ದಾರೀಲಿ ಬತ್ತದೆ ಅಂತಾನೂ ಗೊತ್ತು" ಎಂದರು. ಆ ಮನುಷ್ಯನಿಗೆ ಯಾವುದಕ್ಕೂ ಗಾಬರಿಯಿಲ್ಲ, ಅವರ ಪಾಲಿನದನ್ನೂ ಸೇರಿಸಿ ನಾನೇ ಪಡಬೇಕು.

ಅತ್ತೆಗೆ ಹೇಳುವುದು ಬೇಡವೆಂದುಕೊಂಡೆ, ಆದರೆ ಆ ಮನೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಸೊಸೆ ಏನೋ ನುಂಗಿದ್ದಾಳೆ, ಅದು ಬೇಗ ಬರಬೇಕು ಎಂದಷ್ಟೇ ಅವರಿಗೆ ತಿಳಿದದ್ದು. ಅವರಿಗೆ ತೋಚಿದ ಮದ್ದು ಸೀಬೆಹಣ್ಣು. ಎದುರಿಗೆ ಕೂತು ಆರು ಹಣ್ಣು ತಿನ್ನಿಸಿದರು. ಸೀಬೆ ಬೀಜವನ್ನು ನೀವು ಸರಿಯಾಗಿ ನೋಡಿದ್ದೀರೋ ಇಲ್ಲವೋ. ಗಾತ್ರ, ಬಣ್ಣ, ಆಕಾರ, ಎಲ್ಲದರಲ್ಲೂ ಅದು ಇಲಿ ಹಲ್ಲಿನ ಖಾಸಾ ತಮ್ಮ.

ಬುಧವಾರ ಪೂರ್ತಿ ಅಂಗಳದಲ್ಲಿ ನಡೆದೆ. ಗುರುವಾರ ಬೆಳಿಗ್ಗೆ ಏಳಕ್ಕೆ ಕೆಲಸ ಶುರುವಾಯಿತು. ಎಲ್ಲ ವಿವರ ಬೇಡ. ಮೂರು ವರ್ಷ ಮಾಡಿದ ಕೆಲಸವೇ ಅದು: ನೆನೆಸು, ಜರಡಿ ಹಿಡಿ, ತೊಳೆ, ಒಣಗಿಸು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡು. ಲ್ಯಾಬಿಗೆ ಒಯ್ದು ಸೂಕ್ಷ್ಮದರ್ಶಕದ ಕೆಳಗೆ ಇನ್ನೂರು ಸೀಬೆ ಬೀಜವನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಬೀಜದ ಮೇಲೆ ಏಣು ಕಂಡಿತು. ಎಣಿಸಿದೆ. ಒಂದು ಹೆಚ್ಚಿತ್ತು.

ಅದನ್ನು ಸೋಪಿನಲ್ಲಿ ತೊಳೆದೆ, ಸ್ಪಿರಿಟ್ಟಿನಲ್ಲಿ ತೊಳೆದೆ, ಮತ್ತೆ ಸೋಪಿನಲ್ಲಿ ತೊಳೆದೆ. ಸೀಸೆಗೆ ಹಾಕಿ, ಬೀಗ ಹಾಕಿ, ಕುರ್ಚಿಯಲ್ಲಿ ಕೂತೆ. ಜೀವನದಲ್ಲಿ ಮೊದಲ ಸಲ ನನ್ನ ಮಂಡಿ ಅಲ್ಲಾಡಲಿಲ್ಲ.

೭. ದೊಡ್ಡ ಸಾರ್ ಬಂದರು

ಶುಕ್ರವಾರ ಹತ್ತಕ್ಕೆ ದೊಡ್ಡ ಸಾರ್ ಮಹಡಿ ಹತ್ತಿದರು. ತೆಳ್ಳಗಿನ ಜೀವ, ಕೈಯಲ್ಲೊಂದು ಟಿಪ್ಪಣಿ ಪುಸ್ತಕ. ಚಹಾ ಬೇಡವೆಂದರು, ಪ್ರಯಾಣದ ಮಾತು ಬೇಡವೆಂದರು, ಹಲ್ಲು ಕೊಡಿ ಎಂದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕಾಲು ಗಂಟೆ ಅಲ್ಲಾಡಲಿಲ್ಲ. ಮೇಡಂ ಒಂದು ಕಡೆ ಉಗುರು ಕಚ್ಚುತ್ತಿದ್ದರು, ನಾನು ಇನ್ನೊಂದು ಕಡೆ ಸೆರಗು ಹಿಂಡುತ್ತಿದ್ದೆ.

ಕೊನೆಗೆ ತಲೆಯೆತ್ತಿದರು. "ಇದು ಬೇರೆಯೇ ಜಾತಿ. ಸಂದೇಹವಿಲ್ಲ. ನಿಮ್ಮ ಮೂರು ವರ್ಷ ವ್ಯರ್ಥವಾಗಲಿಲ್ಲ" ಎಂದರು.

ಮೇಡಂ ನನ್ನ ಕೈ ಹಿಡಿದುಕೊಂಡರು. ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಸಾರ್ ಮತ್ತೆ ಕಣ್ಣಿಟ್ಟರು.

"ಒಂದು ಸ್ವಾರಸ್ಯವಿದೆ. ಅಂಚಿನ ಹೊಳಪು ಸ್ವಲ್ಪ ಕರಗಿದೆ. ಇದು ಹೊಟ್ಟೆಯ ಆಮ್ಲದ ಗುರುತು. ಈ ಹಲ್ಲು ಯಾವುದೋ ಪ್ರಾಣಿಯ ಹೊಟ್ಟೆಯನ್ನು ಹಾದು ಬಂದಿದೆ."

ನಾನು ಸೆರಗನ್ನು ಇನ್ನೊಂದು ಸುತ್ತು ಹಿಂಡಿದೆ.

"ಗೂಬೆ ಅಲ್ಲ, ಗೂಬೆಯ ಹೊಟ್ಟೆಯ ಗುರುತು ನನಗೆ ಗೊತ್ತು. ಪುನುಗು ಬೆಕ್ಕೂ ಅಲ್ಲ, ಅದು ಅಗಿದು ತಿನ್ನುತ್ತದೆ. ಇದನ್ನು ಅಗಿದೇ ಇಲ್ಲ, ಇಡಿಯಾಗಿ ನುಂಗಿದೆ. ತುಂಬ ಅವಸರದ ಪ್ರಾಣಿ." ಸಾರ್ ಕಣ್ಣು ಮಿನುಗತೊಡಗಿತು. "ಆ ಕಲ್ಲಾಸರೆಯಲ್ಲಿ ಅಂಥದ್ದು ಯಾವುದಿತ್ತು? ಬಹುಶಃ ಅದೂ ಅಳಿದುಹೋಗಿರಬೇಕು. ಮೇಡಂ, ಮುಳ್ಳಿಲಿಯ ಜೊತೆಗೆ ಅದನ್ನು ತಿಂದ ಪ್ರಾಣಿಯ ಬಗ್ಗೆಯೂ ಬರೆಯೋಣ. ಮುಂದಿನ ವರ್ಷ ಅದರ ಮೂಳೆಗೇ ಅಗೆಯೋಣ!"

ಮೇಡಂ ಸಂಭ್ರಮದಿಂದ ನನ್ನ ಕಡೆ ತಿರುಗಿದರು. "ಆ ಕಾಡು ನಿಮಗೆ ಗೊತ್ತಲ್ಲ, ಅಗಿಯದೆ ನುಂಗುವ ಅವಸರದ ಪ್ರಾಣಿ ಯಾವುದಿದೆ ಅಲ್ಲಿ?"

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಸಾರ್ ಆಗಲೇ ಪುಸ್ತಕ ತೆರೆದು ಬರೆಯತೊಡಗಿದ್ದರು. ಅದು ಅಚ್ಚಾಗುತ್ತದೆ, ನಾಲ್ಕು ಜನ ಓದುತ್ತಾರೆ, ಯಾರೋ ಪುಣ್ಯಾತ್ಮ ಆ ಪ್ರಾಣಿಯನ್ನು ಹುಡುಕಿಕೊಂಡು ನಮ್ಮ ಕಾಡಿಗೆ ಬರುತ್ತಾನೆ. ಇಷ್ಟು ಕಷ್ಟಪಟ್ಟು ಒಂದು ನಿಜ ಕಂಡುಹಿಡಿದು, ಅದರ ಬೆನ್ನಿಗೇ ನನ್ನಿಂದ ಒಂದು ಸುಳ್ಳು ಹುಟ್ಟುವುದನ್ನು ನೋಡಲಾಗಲಿಲ್ಲ.

"ಸಾರ್, ಆ ಪ್ರಾಣಿ ನಾನು."

ಮಂಗಳವಾರದಿಂದ ಗುರುವಾರದವರೆಗಿನದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಮೇಡಂ ನನ್ನ ಕೈ ಬಿಟ್ಟರು. ಆಮೇಲೆ, ಅದೇ ಕೈಯಿಂದ ತಾವು ಆಗಷ್ಟೇ ಸೀಸೆ ಮುಟ್ಟಿದ್ದು ನೆನಪಾಗಿ, ಆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಮೇಡಂ ಮೂರು ವರ್ಷವನ್ನು ನಾನೇ ಹಾಳು ಮಾಡಿದೆನಲ್ಲ ಎಂದು ಕಣ್ಣೀರು ಬಂತು.

ಸಾರ್ ಬರೆದದ್ದನ್ನು ನಿಧಾನವಾಗಿ ಹೊಡೆದುಹಾಕಿದರು. ಹೊಸ ಪುಟ ತಿರುಗಿಸಿದರು.

"ಎಷ್ಟು ಗಂಟೆ ಒಳಗಿತ್ತು?"

"ನಲವತ್ತು ಸಾರ್."

"ಅಗಿದಿಲ್ಲ ತಾನೆ?"

"ಇಲ್ಲ ಸಾರ್."

"ಜೊತೆಗೆ ಏನು ತಿಂದಿರಿ?"

"ಗಂಜಿ. ಆರು ಸೀಬೆಹಣ್ಣು."

ಎಲ್ಲವನ್ನೂ ಬರೆದುಕೊಂಡರು. ಮೇಡಂ ಸಣ್ಣ ದನಿಯಲ್ಲಿ, "ಸಾರ್, ಹಾಗಾದರೆ ಹಲ್ಲು ಕೆಟ್ಟುಹೋಯಿತೇ?" ಎಂದರು.

"ಯಾಕೆ ಕೆಡುತ್ತದೆ? ಹೊಟ್ಟೆ ಏಣನ್ನು ಸವೆಸಬಹುದು, ಹೊಸ ಏಣು ಹುಟ್ಟಿಸಲಾರದು. ಜಾತಿ ಹೊಸದೇ" ಎಂದ ಸಾರ್ ಎದ್ದು ಬಂದು ನನ್ನ ಮುಂದೆ ನಿಂತರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. "ನಲವತ್ತು ವರ್ಷದಿಂದ ನಾನು ಗೂಬೆ, ನರಿ, ಬೆಕ್ಕುಗಳ ಹೊಟ್ಟೆ ಹಾದು ಬಂದ ಹಲ್ಲು ನೋಡಿದ್ದೇನೆ, ತಾಯೀ. ಯಾವತ್ತು ನುಂಗಿದೆ, ಏನು ತಿಂದಿದ್ದೆ ಎಂದು ಕೇಳಿದರೆ ಒಂದೂ ಬಾಯಿಬಿಟ್ಟು ಹೇಳಿದ್ದಿಲ್ಲ" ಎಂದರು.

ಆಮೇಲೆ ತಮ್ಮ ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ತುಂಬ ಗೌರವದಿಂದ ನನ್ನ ಮುಂದೆ ಹಿಡಿದರು. ಒಳಗೆ ಹತ್ತಿಯ ಮೇಲೆ ಎರಡು ಇಲಿ ಹಲ್ಲು.

"ನಿಮಗೆ ತೊಂದರೆಯಿಲ್ಲವಾದರೆ ಇವೆರಡನ್ನೂ ನುಂಗಬೇಕು. ಒಂದು ಊಟಕ್ಕೆ ಮುಂಚೆ, ಇನ್ನೊಂದು ಊಟವಾದ ಮೇಲೆ."